ಬೇಡ ಅಂದ ಡಾಕ್ಟರು

ನಮ್ಮ ಐನಾಪುರದಲ್ಲಿ ಯಾರಿಗೆ ಏನೇ ತ್ರಾಸ ಆದರೂ ಮೊದಲು ಬಾಯಿಗೆ ಬರೋ ಹೆಸರು ಗಡಿಯಾಚೆಯ ಮಿರಜ. 1894ರಲ್ಲಿ ಡಾ. ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು. ನಮ್ಮ ಕಡೆಯವರಿಗೆ ಈಗಲೂ ದೊಡ್ಡ ದವಾಖಾನೆ ಅಂದ್ರೆ ಆ ಊರೇ. ನಾನು ಲೇಸರ್ ಮಾಡಿಸಿ ಚಷ್ಮಾ ತೆಗೀತೀನಿ ಅಂದಾಗ ಅಪ್ಪ ಹೇಳಿದ್ದು ಇಷ್ಟೇ: "ಬೆಂಗಳೂರಾಗರೆ ಮಾಡಿಸ್ಕೊ, ಆದ್ರ ಮಿರಜದಾಗ ಒಮ್ಮೆ ತೋರಿಸ್ಕೊಂಡ ಹೋಗಪಾ."

ಬೆಂಗಳೂರಿನ ಒಂದು ಸೆಂಟರು ನನ್ನ ಕಣ್ಣು ನೋಡೋ ಮೊದಲೇ ರೇಟು, ಡಿಸ್ಕೌಂಟು, ತಾರೀಖು ಎಲ್ಲ ವಾಟ್ಸಾಪ್ ಮಾಡಿತ್ತು. ಮಿರಜದ ಡಾಕ್ಟರು ಮಾತ್ರ ಮೊದಲು ಎರಡು ವಾರ ಕಾಂಟ್ಯಾಕ್ಟ್ ಲೆನ್ಸ್ ಬಿಡಿಸಿದರು; ಲೆನ್ಸ್ ಹಾಕ್ಕೊಂಡಿದ್ದರೆ ಕಾರ್ನಿಯಾದ ನಿಜವಾದ ಆಕಾರ ಸಿಗೋದಿಲ್ಲ. ಆಮೇಲೆ ಅಳೆದು, ಚೀಟಿ ಮೇಲೆ ಲೆಕ್ಕ ಬರೆದರು. ಕಾರ್ನಿಯಾ ದಪ್ಪ 480 ಮೈಕ್ರಾನ್. ಮೇಲಿನ ಪದರ ಎತ್ತೋಕೆ 110. ನನ್ನ ಮೈನಸ್ 6ಕ್ಕೆ, ಒಂದೊಂದು ನಂಬರಿಗೆ ಸುಮಾರು 15ರಂತೆ, 90. ಅಡಿಯಲ್ಲಿ ಉಳಿಯೋದು 280.

"ಕಮ್ಮಿ ಅಂದ್ರೂ 250 ಉಳೀಬೇಕಂತಾರ. ನನಗ 300 ಬೇಕು. ತೆಳ್ಳಗಾದ ಕಾರ್ನಿಯಾ ಮುಂದ ಉಬ್ಬಿತಂದ್ರ ಬರೇ ಚಷ್ಮಾದಿಂದ ಪೂರ್ತಿ ಸರಿ ಆಗೂದಿಲ್ಲ. ನಿಮಗ ಲ್ಯಾಸಿಕ್ ನಾ ಮಾಡೂದಿಲ್ಲ" ಅಂದರು. ಪದರ ಎತ್ತದ ಪಿಆರ್‌ಕೆ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಿದರು: ನೋವು ಜಾಸ್ತಿ, ನೋಟ ತಿಳಿಯಾಗೋದು ನಿಧಾನ, ಅದಕ್ಕೂ ಇನ್ನಷ್ಟು ಪರೀಕ್ಷೆ ಬೇಕು.

ಸರ್ಜನ್ ಹುಡುಕ್ತಿದ್ದೀರಾ? ರೇಟು, ಮಷೀನಿನ ಹೆಸರು ಆಮೇಲೆ ಕೇಳಿ. ಮೊದಲು ಇವೆರಡು ಕೇಳಿ: ನನ್ನ ಕಣ್ಣಲ್ಲಿ ಎಷ್ಟು ಮೈಕ್ರಾನ್ ಉಳಿಯುತ್ತೆ? ಎಂಥವರಿಗೆ ನೀವು ಬೇಡ ಅಂತೀರಿ? ಎರಡಕ್ಕೂ ತಡವರಿಸದೆ ಉತ್ತರ ಕೊಡೋರ ಕೈಗೆ ಕಣ್ಣು ಕೊಡಿ. ನಾನಿನ್ನೂ ಚಷ್ಮಾದಲ್ಲೇ ಇದ್ದೀನಿ. ಮುಂದೆ ಏನೇ ಮಾಡಿಸಿದರೂ ಅದು ಬೇಡ ಅಂದ ಆ ಡಾಕ್ಟರ ಹತ್ತಿರಾನೇ.