ಡೆನ್ಮಾರ್ಕಿನಲ್ಲಿ ಎಂಟು ದಿನ

ನಮ್ಮದು ಸೊಲ್ಲಾಪುರದ ಬಟ್ಟೆ ವ್ಯಾಪಾರದ ಮನೆತನ. ಟಾವೆಲ್ ಮತ್ತು ಚಾದರದ ಅಂಗಡಿ ಮೂರು ತಲೆಮಾರಿನಿಂದ ನಡೆದು ಬಂದಿದೆ. ಮಗಳು ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. 2024ರ ಬೇಸಿಗೆಯಲ್ಲಿ ಅವಳಿಗೆ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ನಿನಲ್ಲಿ ನಾಲ್ಕು ವಾರದ ಒಂದು ಪಾಠಕ್ಕೆ ಪ್ರವೇಶ ಸಿಕ್ಕಿತು. ನೀರು, ಇಂಧನ, ಕಚ್ಚಾ ಸಾಮಾನು ಮುಂದಿನ ಪೀಳಿಗೆಗೂ ಉಳಿಯುವಂತೆ ವಸ್ತುಗಳನ್ನು ಹೇಗೆ ರೂಪಿಸಬೇಕು ಎಂಬುದೇ ಆ ಪಾಠದ ವಿಷಯ. ನಾನಾ ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅದಕ್ಕೆ ಬರುತ್ತಾರೆ.

ಫೀಸಿನ ಅಂಕಿ ಕೇಳಿ ಮನೆಯ ಹಿರಿಯರಾದ ನಮ್ಮ ತಂದೆಯವರು, "ಉಳಿತಾಯ ಕಲಿಯಾಕ ಇಷ್ಟು ಖರ್ಚೇನು? ಅದನ್ನ ನಿಮ್ಮ ಆಯಿ ಪುಕ್ಕಟ ಕಲಸ್ತಾಳ" ಎಂದರು. ಮಾತು ಸುಳ್ಳಲ್ಲ. ಕೊನೆಗೆ, ಪಾಠ ಮುಗಿಯುವ ಹೊತ್ತಿಗೆ ನಾವಿಬ್ಬರೂ ಹೋಗಿ ಕಣ್ಣಾರೆ ನೋಡಿ ಬಂದು ಲೆಕ್ಕ ಒಪ್ಪಿಸುವುದೆಂದು ತೀರ್ಮಾನವಾಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ದಶಮಿ ಕಟ್ಟಿಕೊಂಡು ಜೂನ್ ತಿಂಗಳ ಮೂರನೆಯ ವಾರದಲ್ಲಿ ಮುಂಬಯಿಯಿಂದ ವಿಮಾನ ಹತ್ತಿದೆವು.

ಮೊದಲ ದಿನವೇ ಒಂದು ತಮಾಷೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ರೂಢಿಯವರು ನಾವು. ಅಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ ಕೆಲವೇ ನಿಮಿಷ ಇರುವಾಗ. ಮರಳಿ ಮೂಡುವುದು ನಾಲ್ಕೂವರೆಯೊಳಗೆ. ಊಟಕ್ಕೆ ಅವಸರವೇ ಇಲ್ಲ, ಆದರೆ ನಿದ್ದೆಯೂ ಇಲ್ಲ!

ಕೋಪನ್‌ಹೇಗನ್ ಸೈಕಲ್ಲಿನ ಊರು. ಕೋಟು ತೊಟ್ಟ ಸಾಹೇಬರೂ ಮಕ್ಕಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡ ತಾಯಂದಿರೂ ತಮಗೆಂದೇ ಇರುವ ದಾರಿಯಲ್ಲಿ ಸಾಲಾಗಿ ಹೋಗುತ್ತಾರೆ. ನಮಗೆ ಹೆಚ್ಚು ಹಿಡಿಸಿದ್ದು ಬಾಟಲಿಯ ವ್ಯವಸ್ಥೆ. ನೀರಿನ ಬಾಟಲಿ ಕೊಂಡರೆ ಅದರ ಮೇಲೆ ಒಂದು, ಒಂದೂವರೆ ಇಲ್ಲವೆ ಮೂರು ಕ್ರೋನ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಠೇವಣಿ ಮರಳಿ ಬರುತ್ತದೆ. ನಮ್ಮ ಬಾಲ್ಯದಲ್ಲಿ ಗೋಲಿ ಸೋಡಾದ ಬಾಟಲಿಗೆ ಇದ್ದ ವ್ಯವಹಾರವೇ ಇದು. ನಾವು ಬಿಟ್ಟೆವು, ಅವರು ಯಂತ್ರ ಮಾಡಿ ಉಳಿಸಿಕೊಂಡರು.

ಇಸ್ಲಾಂಡ್ಸ್ ಬ್ರಿಗ್ಗೆ ಎಂಬಲ್ಲಿ ಬಂದರಿನ ನೀರಿನಲ್ಲೇ ಜನ ಈಜುತ್ತಿದ್ದರು. ಒಂದು ಕಾಲಕ್ಕೆ ಕಾರ್ಖಾನೆಯ ಹೊಲಸು ಮತ್ತು ಗಟಾರದ ನೀರು ಸೇರುತ್ತಿದ್ದ ಜಾಗವದು. ಗಟಾರದ ವ್ಯವಸ್ಥೆ ಸುಧಾರಿಸಿದ ಮೇಲೆ 2002ರಲ್ಲಿ ಅಲ್ಲಿ ಈಜುಕಟ್ಟೆ ತೆರೆದರು. ಬಣ್ಣದ ನೀರು ಮೋರಿಯಲ್ಲಿ ಹರಿಯುವುದನ್ನು ಕಂಡು ಬೆಳೆದ ನಾವು ಆ ದಂಡೆಯ ಮೇಲೆ ಬಹಳ ಹೊತ್ತು ಕೂತೆವು.

ಮರುದಿನ ಮಗಳು ಕಸ ಸುಡುವ ಕಾರ್ಖಾನೆಗೆ ಕರೆದೊಯ್ದಳು. ಅಮಾಯೆರ್ ಬಾಕ್ಕೆ ಎಂದು ಅದರ ಹೆಸರು. 2017ರಲ್ಲಿ ಶುರುವಾದ ಈ ಕಾರ್ಖಾನೆ ಊರಿನ ಕಸದಿಂದ ವಿದ್ಯುತ್ತನ್ನೂ, ಕೊಳವೆಗಳ ಮೂಲಕ ಮನೆಗಳಿಗೆ ಬಿಸಿಯನ್ನೂ ಕೊಡುತ್ತದೆ. ಸುಮಾರು 85 ಮೀಟರ್ ಎತ್ತರದ ಅದರ ಇಳಿಜಾರು ಚಾವಣಿಯ ಮೇಲೆ 2019ರಿಂದ ಜನ ಜಾರುವ ಆಟ ಆಡುತ್ತಾರೆ. ನಮಗೆ ಬಾಯಿ ಬಿಟ್ಟು ನೋಡುವುದೇ ಆಯಿತು. ಮಗಳು ಮಾತ್ರ ತಡೆದಳು. "ಇದರ ಒಲಿ ಭಾಳ ದೊಡ್ಡದಾಗ್ಯದ ಅಪ್ಪಾ. ಊರಿನ ಕಸ ಸಾಲದ ಹೊರದೇಶದಿಂದ ಕಸ ತರಿಸ್ಯಾರ. ಕ್ಲಾಸಿನ್ಯಾಗ ಅದರ ಮ್ಯಾಲೇ ದೊಡ್ಡ ವಾದ ಆತು" ಎಂದಳು. ಒಲೆ ದೊಡ್ಡದಾದರೆ ಸೌದೆ ಹುಡುಕಿಕೊಂಡು ಹೋಗಬೇಕಾಗುತ್ತದೆ. ಕಾಣಲಿಕ್ಕೆ ಚೆಂದ ಇದ್ದದ್ದನ್ನೂ ಪ್ರಶ್ನಿಸಲು ಕಲಿಸಿದ್ದಾರಲ್ಲ ಎಂದು ಫೀಸಿನ ಮೊದಲ ಕಂತು ವಸೂಲಾದಂತೆ ನಮಗೆ ಅನ್ನಿಸಿತು.

ಮೂರನೆಯ ದಿನ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಎಲ್ಲರ ಮುಂದೆ ವಿವರಿಸುವ ಸಭೆ. ನಮಗೂ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಒಂದು ವಸ್ತುವಿನ ಹುಟ್ಟಿನಿಂದ ಸಾವಿನವರೆಗಿನ ಲೆಕ್ಕ ತೆಗೆಯುವುದು ಈ ಪಾಠದ ತಿರುಳು. ಹತ್ತಿಯಾದರೆ ಹೊಲಕ್ಕೆ ಹಾಯಿಸಿದ ನೀರಿನಿಂದ ಹಿಡಿದು ಗೊಬ್ಬರ, ನೂಲು, ಬಣ್ಣ, ಸಾಗಾಟ, ಬಳಕೆ, ಕೊನೆಗೆ ತಿಪ್ಪೆಯವರೆಗೆ ಎಲ್ಲವನ್ನೂ ಒಂದೇ ಖಾತೆಯಲ್ಲಿ ಬರೆಯಬೇಕು. ನಮ್ಮ ಮಗಳು ಎದ್ದು ನಿಂತು ತೋರಿಸಿದ ವಸ್ತು ಕಂಡು ನಾವು ಚಕಿತರಾದೆವು. ಅದು ನಮ್ಮ ಅಂಗಡಿಯ ಹೆಸರು ಅಚ್ಚಾದ ಬಟ್ಟೆಯ ಚೀಲ!

2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದಾಗ, ಬಜಾರಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿಯ ಚೀಲ ಕೊಟ್ಟವರು ನಾವೇ ಎಂಬ ಹೆಮ್ಮೆ ನಮಗಿತ್ತು. ಒಂದು ಟಾವೆಲ್ ಕೊಂಡ ಗಿರಾಕಿಗೂ ಒಂದು ಚೀಲ. ಇಂಗ್ಲಿಷಿನಲ್ಲಿ ಅವಳು ಹೇಳಿದ್ದೆಲ್ಲ ತಿಳಿಯಲಿಲ್ಲ. ಪರದೆಯ ಮೇಲಿನ ಅಂಕಿಗಳು ಮಾತ್ರ ಚೆನ್ನಾಗಿ ತಿಳಿದವು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಲೆಕ್ಕವದು. ಅಲ್ಲಿಯ ಅಂಗಡಿಗಳ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿದೂಗಬೇಕಾದರೆ ಹತ್ತಿಯ ಚೀಲವನ್ನು, ಹವೆ ಬಿಸಿಯಾಗುವ ಒಂದೇ ದೃಷ್ಟಿಯಿಂದ, ಕಡಿಮೆಯೆಂದರೆ 52 ಸಲ ಬಳಸಬೇಕು. ನೀರು, ಓಝೋನ್ ಪದರ ಮೊದಲಾದ ಎಲ್ಲ ಬಗೆಯ ಹಾನಿಯನ್ನು ಹಿಡಿದರೆ 7,100 ಸಲ. ದಿನಕ್ಕೊಮ್ಮೆಯಂತೆ ಹತ್ತೊಂಬತ್ತು ವರ್ಷಕ್ಕೂ ಮಿಕ್ಕಿ!

ಸಭೆ ಮುಗಿದ ಮೇಲೆ ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಪ್ಪಾ, ಸಿಟ್ಟು ಬಂತೇನು? ನಮ್ಮ ಚೀಲ ಜನ ಎಷ್ಟು ಸಲ ಬಳಸ್ತಾರ, ನೀವೇ ಹೇಳ್ರಿ."

ಏನು ಹೇಳುವುದು? ನಮ್ಮ ಮನೆಯ ಅಡಿಗೆಕೋಣೆಯ ಬಾಗಿಲ ಹಿಂದೆಯೇ ಇಪ್ಪತ್ತು ಚೀಲ ಜೋತಾಡುತ್ತಿವೆ. ಅವುಗಳಲ್ಲಿ ಸಂತೆಗೆ ಹೋಗುವುದು ಒಂದೇ.

"ಹಂಗಾರ ಪ್ಲಾಸ್ಟಿಕ್ಕೇ ಚಲೋ ಅಂತೀಯೇನು?" ಎಂದು ತಾಯಿ ಸ್ವಲ್ಪ ಖಾರವಾಗಿಯೇ ಕೇಳಿದಳು.

"ಇಲ್ಲ ಅವ್ವಾ. ಬೀದ್ಯಾಗ ಬಿದ್ದ ಪ್ಲಾಸ್ಟಿಕ್ಕಿನ ಹಾನಿ ಈ ಲೆಕ್ಕದಾಗ ಹಿಡಿದಿಲ್ಲ. ಇಲ್ಲಿ ಕಸ ಬೀದಿಗೆ ಬೀಳೂದು ಕಡಿಮಿ. ನಮ್ಮಲ್ಲಿ ಗಟಾರ ಕಟ್ಟತದ, ದನ ತಿಂತಾವ. ಬಟ್ಟಿ ಚೀಲ ಇರಲಿ, ಆದರ ಪುಕ್ಕಟ ಹಂಚೂದು ಬ್ಯಾಡ. ಪುಕ್ಕಟ ಸಿಕ್ಕದ್ದನ್ನ ಯಾರೂ ಎರಡನೇ ಸಲ ಬಳಸೂದಿಲ್ಲ."

ವ್ಯಾಪಾರಿಗಳಾದ ನಮಗೆ ಈ ಕಡೆಯ ಮಾತು ನಾಟಿತು.

ಐದನೆಯ ದಿನ ರೈಲಿನಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾಲುಂಡ್‌ಬೋರ್ಗ್ ಎಂಬ ಬಂದರು ಊರಿಗೆ ಹೋದೆವು. ಐದು ಗೋಪುರದ ಹಳೆಯ ಚರ್ಚು ಆ ಊರಿನ ಗುರುತು. ಲೋಕಪ್ರಸಿದ್ಧವಾದದ್ದು ಮಾತ್ರ ಅಲ್ಲಿಯ ಕಾರ್ಖಾನೆಗಳ ನೆರೆಹೊರೆ. ನಮ್ಮಲ್ಲಿ ಅನೇಕ ಮನೆಗಳಿಗೆ ಬೇಕಾದ ಇನ್ಸುಲಿನ್ ಔಷಧಿಯ ದೊಡ್ಡ ಕಾರ್ಖಾನೆ ಅಲ್ಲಿದೆ. ತೈಲ ಶುದ್ಧೀಕರಣದ್ದು, ಜಿಪ್ಸಮ್ ಹಲಗೆಯದು, ವಿದ್ಯುತ್ತಿನದು ಕೂಡ ಇವೆ. ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಕಚ್ಚಾ ಮಾಲು. ಅಂತರ್ಜಲ ಉಳಿಸಲು 1961ರಲ್ಲಿ ತಿಸ್ಸೋ ಕೆರೆಯ ನೀರನ್ನು ತೈಲದ ಕಾರ್ಖಾನೆಗೆ ತಂದದ್ದು ಆರಂಭ. 1972ರಲ್ಲಿ ತೈಲದವರು ಸುಮ್ಮನೆ ಸುಡುತ್ತಿದ್ದ ಅನಿಲ ಹಲಗೆಯ ಕಾರ್ಖಾನೆಗೆ ಹೋಯಿತು. 1976ರಿಂದ ಔಷಧಿ ಕಾರ್ಖಾನೆಯ ರಾಡಿ ರೈತರ ಹೊಲಕ್ಕೆ ಗೊಬ್ಬರವಾಯಿತು. 1982ರಿಂದ ವಿದ್ಯುತ್ ಕೇಂದ್ರದ ಹಬೆ ನೆರೆಯ ಕಾರ್ಖಾನೆಗಳಿಗೆ ಹರಿಯಿತು. 1993ರಿಂದ ಕಲ್ಲಿದ್ದಲಿನ ಹೊಗೆಯಿಂದ ಬೇರ್ಪಡಿಸಿದ ಗಂಧಕ ಜಿಪ್ಸಮ್ ಆಗಿ ಹಲಗೆಗೆ ಬಂತು.

ಇದನ್ನೆಲ್ಲ ಯಾವ ಸರಕಾರವೂ ಹುಕುಂ ಮಾಡಿ ಮಾಡಿಸಿದ್ದಲ್ಲ. ಇಬ್ಬಿಬ್ಬರು ಕೂತು, ಚೌಕಾಸಿ ಮಾಡಿ, ಇಬ್ಬರಿಗೂ ಲಾಭ ಕಂಡಾಗ ಕರಾರು ಬರೆದರು. ಊರು ಸಣ್ಣದು, ಪರಸ್ಪರ ಗುರುತಿತ್ತು, ವಿಶ್ವಾಸವಿತ್ತು. ವ್ಯಾಪಾರ ಬೆಳೆಯುವುದೇ ಹಾಗಲ್ಲವೆ? ಕಾಲ ಬದಲಾದರೆ ಕರಾರೂ ಬದಲಾಗುತ್ತದೆ. ಈಗ ವಿದ್ಯುತ್ ಕೇಂದ್ರ ಕಲ್ಲಿದ್ದಲು ಬಿಟ್ಟು ಮರದ ಚಕ್ಕೆ ಉರಿಸುತ್ತಿದೆ. ಚಕ್ಕೆಯ ಹೊಗೆಯಿಂದ ಆ ಜಿಪ್ಸಮ್ ಹುಟ್ಟುವುದಿಲ್ಲ.

ಕಾಲುಂಡ್‌ಬೋರ್ಗಿನಿಂದಲೇ ಹಡಗು ಹತ್ತಿ ಸಾಮ್ಸೋ ದ್ವೀಪಕ್ಕೆ ಹೋದೆವು. ಸುಮಾರು 3,700 ಜನರ ಪುಟ್ಟ ದ್ವೀಪ. 1997ರಲ್ಲಿ ಸರಕಾರದ ಸ್ಪರ್ಧೆಯಲ್ಲಿ ಗೆದ್ದು, ತಮಗೆ ಬೇಕಾದ ಶಕ್ತಿಯನ್ನು ಗಾಳಿ, ಬಿಸಿಲು, ಹುಲ್ಲುಗಳಿಂದಲೇ ಪಡೆಯುವ ಪಣ ತೊಟ್ಟರು. ನೆಲದ ಮೇಲೆ 11 ಗಾಳಿಯಂತ್ರ ನಿಲ್ಲಿಸಿದರು. ಅವುಗಳಲ್ಲಿ 9 ರೈತರವು, 2 ಊರಿನ ಸಣ್ಣ ಷೇರುದಾರರವು. ಹಡಗು, ಮೋಟಾರು ಸುಡುವ ಎಣ್ಣೆಗೆ ಸರಿದೂಗಲೆಂದು ಸಮುದ್ರದಲ್ಲಿ ಮತ್ತೆ 10 ನಿಂತವು. ಯಂತ್ರ ತಿರುಗಿದರೆ ತನ್ನ ಷೇರಿಗೂ ಕಾಸು ಬರುತ್ತದೆ ಎಂದಾಗ ಅದರ ಸದ್ದು ಕಿವಿಗೆ ಕರ್ಕಶವಾಗುವುದಿಲ್ಲ! ಚಳಿಗಾಲದಲ್ಲಿ ಕಾಳು ತೆಗೆದ ಹುಲ್ಲು ಸುಟ್ಟು ಹಳ್ಳಿಗಳ ಮನೆ ಬೆಚ್ಚಗಿಡುತ್ತಾರೆ.

ದ್ವೀಪದ ಹೆಸರುವಾಸಿ ಬೆಳೆ ಯಾವುದೆಂದು ಬಲ್ಲಿರಾ? ಬಟಾಟಿ! ಅಷ್ಟು ದೂರ ಹೋಗಿ, ಅಲ್ಲಿಯ ಜನ ಪ್ರೀತಿಯಿಂದ ಕೊಟ್ಟದ್ದನ್ನು ಕೈ ಮುಗಿದು ಬೇಡವೆಂದು ನಮ್ಮ ರೊಟ್ಟಿಯ ಗಂಟು ಬಿಚ್ಚಿದೆವು. ದಾರಿಯ ಬದಿಗೆ ತರಕಾರಿಯ ಸಣ್ಣ ಸಣ್ಣ ಅಂಗಡಿಗಳಿದ್ದವು. ಅಂಗಡಿಕಾರನಿಲ್ಲ, ತಕ್ಕಡಿಯಿಲ್ಲ; ಬೆಲೆಯ ಚೀಟಿ ಮತ್ತು ಒಂದು ಡಬ್ಬಿ. ಬೇಕಾದ್ದು ತೆಗೆದುಕೊಂಡು ಹಣ ಹಾಕಿ ಹೋಗಬೇಕು. ಮುಷ್ಟಿಯಷ್ಟು ಹಸಿ ಬಟಾಣಿ ಕೊಂಡು ಡಬ್ಬಿಗೆ ನಾಣ್ಯ ಹಾಕುವಾಗ ಎರಡು ಸಲ ಎಣಿಸಿದೆವು.

ಮರಳುವ ಹಡಗಿನ ಕಟಕಟೆಗೆ ಒರಗಿ ಮಗಳು ಕೇಳಿದಳು: "ಮುಂದ ಎರಡು ವರ್ಷ ಇಲ್ಲೇ ಬಂದು ಕಲೀಲೇನು? ಬಣ್ಣದ ನೀರು ತೊಳೆದು ಮತ್ತ ಬಳಸೂದು ಕಲಿಬೇಕಂತ ಅದ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೋದವರು ಮರಳುವುದು ಕಡಿಮೆ ಎಂಬುದನ್ನು ನಮ್ಮ ಬಳಗದಲ್ಲೇ ಕಂಡಿದ್ದೇವೆ. ಆಗ ಉತ್ತರ ಕೊಡಲಾಗಲಿಲ್ಲ.

ಊರಿಗೆ ಬಂದು ತಂದೆಯವರಿಗೆ ಎಲ್ಲ ಹೇಳಿದೆವು. ಚೀಲದ ಲೆಕ್ಕ ಕೇಳಿ ಅವರು ತುಸು ಹೊತ್ತು ಸುಮ್ಮನಿದ್ದು, ಒಳಗಿಂದ ತಮ್ಮ ಹಾಸಿಗೆಯ ಕೌದಿ ತರಿಸಿದರು. ತಾಯಿಯವರು ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಹೊಲಿದದ್ದು. ಮೂವತ್ತು ವರ್ಷ ಮಿಕ್ಕಿದೆ. "ಇದು ಎಷ್ಟು ಸಲ ಆತು, ಅದನ್ನೂ ಬರಿ ಅನ್ನು ಅಕೀಗೆ" ಎಂದರು. ಆಮೇಲೆ ತಾವೇ, "ಕೌದಿ ಹೊಲಿಯೂದು ಈಕಿಗೆ ಬರತದ. ಬಣ್ಣದ ನೀರು ತೊಳಿಯೂದು ಮನ್ಯಾಗ ಯಾರಿಗೂ ಬರೂದಿಲ್ಲ. ಕಲಿತು ಬರಲಿ" ಎಂದರು.

ಈಗ ಅಂಗಡಿಯಲ್ಲಿ ಚೀಲ ಪುಕ್ಕಟೆಯಿಲ್ಲ. ಹತ್ತು ರೂಪಾಯಿ ಠೇವಣಿ. ಮರಳಿ ತಂದರೆ ಹಣ ವಾಪಸು. ಮೊದಲ ತಿಂಗಳು ಕೆಲವು ಗಿರಾಕಿಗಳು ಮುನಿಸಿಕೊಂಡರು, ಇಬ್ಬರು ಎದುರಿನ ಅಂಗಡಿಗೆ ಹೋದರು. ಉಳಿದವರು ಮನೆಯ ಚೀಲ ಹಿಡಿದು ಬರುತ್ತಿದ್ದಾರೆ. ಓದುಗರೇ, ನಿಮ್ಮ ಬಾಗಿಲ ಹಿಂದೆ ಎಷ್ಟು ಚೀಲಗಳಿವೆ, ಒಮ್ಮೆ ಎಣಿಸಿ ನೋಡಿರಿ. ಅದಕ್ಕೆ ಡೆನ್ಮಾರ್ಕಿನವರೆಗೆ ಹೋಗಬೇಕಾಗಿಲ್ಲ. ನಾವು ಹೋಗಬೇಕಾಯಿತು, ಅಷ್ಟೆ.