ಅಪ್ಪನೊಡನೆ ಬೆಟ್ಟದ ಹಾದಿಯಲ್ಲಿ

ನನ್ನ ತಂದೆಯವರು ಭಾರತೀಯ ವಾಯುಸೇನೆಯಲ್ಲಿ ವಿಮಾನ ಚಾಲಕರಾಗಿದ್ದರು. ಹೀಗೆಂದೊಡನೆ ಕೇಳುವವರ ಕಣ್ಣಮುಂದೆ ಶತ್ರುವಿಮಾನವನ್ನು ಬೆನ್ನಟ್ಟುವ ವೀರನ ಚಿತ್ರ ಮೂಡುವುದು ಸಹಜ. ಅಂತಹ ವೀರರು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಯುದ್ಧದಲ್ಲಿ ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೋಗಿ, ತಮ್ಮದಕ್ಕಿಂತ ವೇಗಶಾಲಿಯಾದ ಶತ್ರುವಿಮಾನದೊಡನೆ ಸೆಣಸಿ ಮಡಿದರು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ನನ್ನ ತಂದೆಯವರು ನಡೆಸಿದ್ದು ಡಕೋಟಾ ಎಂಬ ಸರಕು ವಿಮಾನ. ಶ್ರೀನಿವಾಸಪುರದ ತೋಪುಗಳಿಂದ ಸಂತೆಗೆ ಮಾವಿನಕಾಯಿ ಸಾಗಿಸಿದ ಮನೆತನ ನಮ್ಮದು. "ನಿಮ್ಮ ತಾತ ನೆಲದ ಮೇಲೆ ಗಾಡಿ ಹೊಡೆದರು, ನಾನು ಆಕಾಶದಲ್ಲಿ ಹೊಡೆದೆ, ಅಷ್ಟೇ ವ್ಯತ್ಯಾಸ" ಎಂದು ಅವರು ನಗುತ್ತಿದ್ದರು.

1962ರಲ್ಲಿ ಅವರು ಅಸ್ಸಾಮಿನ ಜೋರ್ಹಾಟಿನಲ್ಲಿದ್ದರು. ಗಡಿಯ ಬೆಟ್ಟಗಳಲ್ಲಿದ್ದ ಠಾಣೆಗಳಿಗೆ ಆಗ ರಸ್ತೆಗಳಿರಲಿಲ್ಲ. ಸೈನಿಕರ ಅಕ್ಕಿ, ಉಪ್ಪು, ಸೀಮೆಎಣ್ಣೆ ಎಲ್ಲವೂ ಆಕಾಶದಿಂದಲೇ ಇಳಿಯಬೇಕು. ಒಡೆಯುವ ವಸ್ತುಗಳನ್ನು ಪ್ಯಾರಾಚೂಟಿಗೆ ಕಟ್ಟಿ ಬಿಡುತ್ತಿದ್ದರು. ಅಕ್ಕಿಯನ್ನಾದರೋ ಒಂದರೊಳಗೊಂದು ಗೋಣಿಚೀಲವಿಟ್ಟು ತುಂಬಿ ಹಾಗೆಯೇ ಕೆಡವುವುದು. ಒಳಚೀಲ ಬಿರಿದರೂ ಹೊರಚೀಲ ಕಾಳನ್ನು ಹಿಡಿದಿಡುತ್ತಿತ್ತು. ವಿಮಾನದ ಬಾಗಿಲನ್ನು ತೆಗೆದಿರಿಸಿ, ಕೊರೆಯುವ ಗಾಳಿಯಲ್ಲಿ ನಿಂತು ಮೂಟೆಗಳನ್ನು ಹೊರಕ್ಕೆ ನೂಕುವವರ ಕೆಲಸ ತಮ್ಮದಕ್ಕಿಂತ ಕಠಿಣವೆಂದು ಅಪ್ಪ ಹೇಳುತ್ತಿದ್ದರು. ಕಣಿವೆಯೊಳಗೆ ಹೋಗುವಾಗ ನಟ್ಟನಡುವೆ ಹಾರದೆ ಒಂದು ಬದಿಯ ಬೆಟ್ಟಕ್ಕೆ ಒತ್ತಿ ಹಾರಬೇಕಂತೆ. ಮುಂದೆ ದಾರಿ ಮುಚ್ಚಿದರೆ, ಹಿಂದಿರುಗಲು ಕಣಿವೆಯ ಪೂರ್ತಿ ಅಗಲ ಕೈಯಲ್ಲಿರಬೇಕಲ್ಲವೆ?

1978ರಲ್ಲಿ ನಿವೃತ್ತರಾಗಿ ಅವರು ಕೋಲಾರಕ್ಕೆ ಬಂದು ನೆಲೆಸಿದರು. ಮನೆಯಲ್ಲಿ ಕುಳಿತಿರುವುದು ಅವರಿಂದಾಗದ ಮಾತು. ಭಾನುವಾರ ಬೆಳಕು ಹರಿಯುವ ಮುನ್ನವೇ ನನ್ನನ್ನೂ ತಂಗಿಯನ್ನೂ ಎಬ್ಬಿಸಿ, ರಾಗಿರೊಟ್ಟಿಯ ಬುತ್ತಿ ಕಟ್ಟಿಸಿಕೊಂಡು ಹೊರಟುಬಿಡುವರು. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಕುಡಿದು, ಬಂಡೆಗಳ ನಡುವೆ ನುಸುಳಿ ತೇರಹಳ್ಳಿಯವರೆಗೆ ಏರುತ್ತಿದ್ದೆವು. ಮುಳಬಾಗಿಲಿನ ಬಳಿಯ ಆವನಿ ಬೆಟ್ಟಕ್ಕೂ ಹೋಗುತ್ತಿದ್ದೆವು. ಸೀತೆ ಲವಕುಶರನ್ನು ಹೆತ್ತ ಸ್ಥಳ ಅದೆಂದು ಜನ ನಂಬುತ್ತಾರೆ. ಅಪ್ಪ ಕೋವಿ ಹಿಡಿದವರಲ್ಲ. ಅವರ ಕೊರಳಲ್ಲಿದ್ದುದು ಹಳೆಯ ದುರ್ಬೀನು ಮಾತ್ರ. ಕಾದ ಬಂಡೆಯಿಂದ ಬಿಸಿಗಾಳಿ ಮೇಲೇಳುವುದನ್ನೂ, ಹದ್ದು ಅದನ್ನೇ ಮೆಟ್ಟಿಲಾಗಿಸಿಕೊಂಡು ರೆಕ್ಕೆ ಬಡಿಯದೆ ಏರುವುದನ್ನೂ ಅವರು ತೋರಿಸುತ್ತಿದ್ದರು. ಮಾಲೂರಿನ ಮೇಲೆ ರೈಲಿನಲ್ಲಿ ಹೋಗುವಾಗಲೂ ಹಂಚಿನ ಕಾರ್ಖಾನೆಗಳ ಹೊಗೆ ಎತ್ತ ವಾಲುತ್ತದೆಂದು ನೋಡಿ ಗಾಳಿಯ ದಿಕ್ಕನ್ನು ಹೇಳಬೇಕು. ತಂಗಿ ಸರಿಯಾಗಿ ಹೇಳುತ್ತಿದ್ದಳು. ನನಗೆ ಹೊಗೆಗಿಂತ ಬುತ್ತಿಯ ಕಡೆಗೇ ಗಮನ.

ವಿಮಾನ ಚಾಲಕರು ಪ್ರತಿ ಹಾರಾಟದ ವಿವರವನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವುಂಟು. ಅಪ್ಪ ನಡಿಗೆಗೂ ಅಂಥದೊಂದು ಪುಸ್ತಕ ಇಟ್ಟಿದ್ದರು. ದಿನಾಂಕ, ಸ್ಥಳ, ಗಾಳಿ, ಕಂಡ ಹಕ್ಕಿಗಳು. ಕೊನೆಯ ಎರಡು ಅಂಕಣಗಳು 'ಹೊರಟವರು', 'ಮರಳಿದವರು'. ಮೂವರು ಹೋಗಿ ಮೂವರು ಬಂದುದನ್ನು ಬರೆಯುವುದೇಕೆಂದು ನಾನು ನಕ್ಕಿದ್ದುಂಟು. ಅವರು ಉತ್ತರ ಕೊಟ್ಟಿರಲಿಲ್ಲ.

1981ರ ಡಿಸೆಂಬರಿನ ಒಂದು ಸಂಜೆ ಬೆಟ್ಟದ ತಪ್ಪಲಿನ ಹಳ್ಳಿಯಿಂದ ಹೆಂಗಸೊಬ್ಬಳು ಓಡಿಬಂದಳು. ಆಡುಗಳು ತಾವಾಗಿಯೇ ಮನೆ ಸೇರಿದ್ದವು. ಅವುಗಳನ್ನು ಕಾಯಲು ಹೋದ ಅವಳ ಹತ್ತು ವರ್ಷದ ಮಗ ಬಂದಿರಲಿಲ್ಲ. "ಸ್ವಾಮೀ, ಬೆಟ್ಟ ನಿಮಗೆ ಗೊತ್ತು" ಎಂದಷ್ಟೇ ಅವಳ ಬಾಯಿಂದ ಹೊರಟಿತು. ಊರಿನ ಗಂಡಸರು ಆಗಲೇ ಪಂಜು ಹಿಡಿದು ದಿಕ್ಕಿಗೊಬ್ಬರಂತೆ ಕೂಗುತ್ತಿದ್ದರು. ಅಪ್ಪ ಅವರೆಲ್ಲರನ್ನೂ ಕರೆದು, ಹುಡುಗನನ್ನು ಕೊನೆಯಲ್ಲಿ ಕಂಡವರಾರು, ಎಲ್ಲಿ ಎಂದು ವಿಚಾರಿಸಿದರು. ಅಲ್ಲಿಂದ ಬೆಟ್ಟದ ಮೈಯನ್ನು ಮನಸ್ಸಿನಲ್ಲೇ ಪಟ್ಟಿಪಟ್ಟಿಯಾಗಿ ಸೀಳಿ, ಇಪ್ಪತ್ತು ಹೆಜ್ಜೆಗೊಬ್ಬರಂತೆ ಸಾಲಾಗಿ ನಿಲ್ಲಿಸಿದರು. ನೂರು ಹೆಜ್ಜೆ ನಡೆದೊಡನೆ ಸೀಟಿ. ಎಲ್ಲರೂ ನಿಂತು, ಉಸಿರು ಬಿಗಿಹಿಡಿದು ಕಿವಿಗೊಡಬೇಕು. ನಮ್ಮ ಹೆಜ್ಜೆಯ ಸದ್ದೇ ಸೋತವನ ದನಿಯನ್ನು ನುಂಗಿಬಿಡುತ್ತದೆ ಎಂಬುದು ಅವರ ಅನುಭವ. ಒಂದು ಪಟ್ಟಿ ಮುಗಿಯಿತು, ಎರಡು ಮುಗಿಯಿತು. ಚಳಿ ಏರತೊಡಗಿತು. ಕೆಲವರು ಬೆಳಗಾದ ಮೇಲೆ ನೋಡೋಣವೆಂದರು. ಅಪ್ಪ ಏನೂ ಹೇಳದೆ ಮೂರನೆಯ ಸಾಲು ನಿಲ್ಲಿಸಿದರು. ರಾತ್ರಿ ಎರಡು ಗಂಟೆ ದಾಟಿರಬೇಕು. ಸೀಟಿಯ ನಂತರದ ನಿಶ್ಶಬ್ದದಲ್ಲಿ ಬಂಡೆಯೊಂದರ ಕೆಳಗಿನಿಂದ ಕ್ಷೀಣವಾದ ನರಳಾಟ ಕೇಳಿಸಿತು. ಹುಡುಗನ ಕಾಲು ಮುರಿದಿತ್ತು. ಬಿದಿರುಕಡ್ಡಿ ಇಟ್ಟು ರುಮಾಲಿನಿಂದ ಬಿಗಿದು, ಎರಡು ಕೋಲುಗಳಿಗೆ ಕಂಬಳಿ ಕಟ್ಟಿ ಅವನನ್ನು ಹೊತ್ತು ತಂದರು.

ಮನೆಗೆ ಬಂದು ಕಾಫಿ ಕುಡಿಯುವಾಗ ಅಪ್ಪ ತಾವಾಗಿಯೇ ಮಾತು ತೆಗೆದರು. ಅಸ್ಸಾಮಿನಲ್ಲಿ ಅವರ ಜೊತೆಗಾರರ ವಿಮಾನವೊಂದು ಮೋಡ ಕವಿದ ಕಣಿವೆಗೆ ಹೋಗಿ ಮರಳಲಿಲ್ಲ. ಅಪ್ಪ ಒಂಬತ್ತು ದಿನ ಅದೇ ಕಾಡಿನ ಮೇಲೆ ಪಟ್ಟಿಪಟ್ಟಿಯಾಗಿ ಹಾರಿ ಹುಡುಕಿದರು. ಹತ್ತನೆಯ ದಿನ ಹುಡುಕಾಟ ನಿಲ್ಲಿಸಬೇಕೆಂದು ಆಜ್ಞೆಯಾಯಿತು. "ಆಜ್ಞೆ ಸರಿಯಾಗಿಯೇ ಇತ್ತು, ಮಗು" ಎಂದು ಅವರು ಲೋಟ ಕೆಳಗಿಟ್ಟರು. ಆಮೇಲೆ ನಾನು ಆ ಅಂಕಣಗಳ ವಿಷಯಕ್ಕೆ ನಗಲಿಲ್ಲ.

1968ರ ಫೆಬ್ರುವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟು ಕಾಣೆಯಾದ ವಾಯುಸೇನೆಯ ಎಎನ್-12 ವಿಮಾನದಲ್ಲಿ 102 ಮಂದಿಯಿದ್ದರು. ಪರ್ವತಾರೋಹಿಗಳಿಗೆ ಹಿಮಾಚಲದ ಹಿಮರಾಶಿಯಲ್ಲಿ ಅದರ ಅವಶೇಷಗಳು ದೊರೆತದ್ದು 2003ರಲ್ಲಿ. ಆ ಸುದ್ದಿಯನ್ನು ಓದಿದ ದಿನ ಅಪ್ಪ ಬೆಟ್ಟಕ್ಕೆ ಒಬ್ಬರೇ ಹೋದರು. ನಾವು ತಡೆಯಲಿಲ್ಲ.

ಅವರ ಕೊನೆಯ ವರ್ಷಗಳಲ್ಲಿ ನಮ್ಮ ಸೀಮೆಯ ಕೆರೆಗಳು ಒಂದೊಂದಾಗಿ ಬತ್ತಿದವು. ಎಲ್ಲೆಲ್ಲೂ ನೀಲಗಿರಿ ತೋಪು, ಸಾವಿರ ಅಡಿ ಮೀರಿದ ಕೊಳವೆ ಬಾವಿ. ಪುಸ್ತಕದ ಹಕ್ಕಿಗಳ ಅಂಕಣದಲ್ಲಿ ನೀರುಹಕ್ಕಿಗಳ ಹೆಸರು ಅಪರೂಪವಾಗುತ್ತ ಬಂದು, ಕಡೆಗೆ ಇಲ್ಲವಾದವು. 2011ರಲ್ಲಿ ಅಪ್ಪ ತೀರಿಕೊಂಡರು.

2018ರ ಜೂನ್ ತಿಂಗಳಲ್ಲಿ, ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ತರುವ ಯೋಜನೆಯ ನೀರು ಮೊದಲಿಗೆ ಲಕ್ಷ್ಮೀಸಾಗರದ ಕೆರೆಗೆ ಹರಿಯಿತು. ಆ ನೀರಿನ ಗುಣದ ಬಗ್ಗೆ ವಾದವಿವಾದಗಳುಂಟು. ಅಪ್ಪ ಇದ್ದಿದ್ದರೆ ಅವರೂ ಗಟ್ಟಿಯಾಗಿಯೇ ವಾದಿಸುತ್ತಿದ್ದರು. ಆದರೂ ಕೆರೆ ತುಂಬಿತೆಂದು ಕೇಳಿ ನಾನೂ ತಂಗಿಯೂ ದುರ್ಬೀನು ಹಿಡಿದು ಹೋದೆವು. ಏರಿಯ ಮೇಲೆ ಕುಳಿತು ಅಪ್ಪನ ಪುಸ್ತಕದಲ್ಲಿ ಬರೆದೆವು: ಗಾಳಿ ಪಶ್ಚಿಮದಿಂದ, ಗುಳುಮುಳುಕ ನಾಲ್ಕು, ಬೆಳ್ಳಕ್ಕಿ ಹನ್ನೆರಡು, ಹೊರಟವರು ಇಬ್ಬರು. ಕೊನೆಯ ಅಂಕಣವನ್ನು ಮನೆ ಸೇರಿದ ಮೇಲೆ ತಂಗಿ ತುಂಬಿದಳು.