ಹಿಂದಿನ ಸಾಲಿನ ಹಾಡುಗಾರ

ನನ್ನ ಮೊಮ್ಮಗ ಎಂಟನೇ ತರಗತಿಯಲ್ಲಿದ್ದಾನೆ. ಶಾಲೆಯ ವಾದ್ಯತಂಡದಲ್ಲಿ ಡ್ರಮ್ ಬಾರಿಸುತ್ತಾನೆ. ಕಳೆದ ಡಿಸೆಂಬರಿನಲ್ಲಿ ವಾರ್ಷಿಕೋತ್ಸವ ಮುಗಿದ ಮೇಲೆ ಒಂದು ಸಂಜೆ ಫೋಟೊವೊಂದನ್ನು ಹಿಡಿದುಕೊಂಡು ನನ್ನ ಕುರ್ಚಿಯ ಪಕ್ಕ ಬಂದು ನಿಂತ. ಮುಖ ಬಾಡಿತ್ತು.

"ತಾತ, ಇದರಲ್ಲಿ ನಾನೆಲ್ಲಿದೀನಿ ಹೇಳಿ ನೋಡೋಣ."

ಕನ್ನಡಕ ಹಾಕಿಕೊಂಡು ಹುಡುಕಿದೆ. ಮುಂದೆ ಮೈಕು ಹಿಡಿದ ಹುಡುಗಿ, ಎರಡೂ ಪಕ್ಕ ಗಿಟಾರಿನ ಹುಡುಗರು, ಮೂಲೆಯಲ್ಲಿ ಕೀಬೋರ್ಡಿನವನು. ಅವರೆಲ್ಲರ ಹಿಂದೆ ಊಟದ ತಟ್ಟೆಗಿಂತ ದೊಡ್ಡದಾದ ಒಂದು ಹಿತ್ತಾಳೆ ತಟ್ಟೆ, ಅದರ ಮೇಲೆ ಒಂದಿಷ್ಟು ಕೂದಲು. ಆ ಕೂದಲೇ ನಮ್ಮ ಹುಡುಗ!

ನನಗೆ ನಗು ಬಂತು. ಅವನಿಗೆ ಬರಲಿಲ್ಲ. "ಮುಂದಿನ ವರ್ಷ ಡ್ರಮ್ ಬಿಟ್ಬಿಡ್ತೀನಿ ತಾತ. ಹಿಂದೆ ಕೂತೋರನ್ನ ಯಾರೂ ನೋಡಲ್ಲ" ಅಂದ.

ಏನು ಹೇಳಲಿ? ನಾನೂ ಹಿಂದೆ ಕೂತವನೇ. ನಮ್ಮ ಬೀದಿಯ ರಾಮಮಂದಿರದ ಭಜನೆಯಲ್ಲಿ ಮೂವತ್ತು ವರ್ಷ ಮೃದಂಗ ನುಡಿಸಿದ್ದೇನೆ. ಆ ಕಾಲದ ಫೋಟೊಗಳಲ್ಲೆಲ್ಲ ನನ್ನ ಮೊಣಕೈಯಷ್ಟೇ ಇದೆ. ಆದರೆ ಮೂರು ವರ್ಷದ ಹಿಂದೆ ನನ್ನ ಕತ್ತಿನ ಮೂಳೆ ಸವೆದು, ಬಲಗೈ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಅಂದಿನಿಂದ ಮೃದಂಗಕ್ಕೆ ಗವಸು ಹಾಕಿ ಬೀರುವಿನ ಮೇಲೆ ಇಟ್ಟುಬಿಟ್ಟಿದ್ದೆ. ಭಜನೆಗೆ ಹೋಗುವುದನ್ನೂ ನಿಲ್ಲಿಸಿದ್ದೆ. ತಾನೇ ಬಿಟ್ಟು ಕೂತವನು ಹುಡುಗನಿಗೆ 'ಬಿಡಬೇಡ' ಎಂದರೆ ಆ ಮಾತಿಗೆ ಬೆಲೆ ಎಲ್ಲಿ? ಅದಕ್ಕೇ ಬುದ್ಧಿ ಹೇಳುವುದನ್ನು ಬಿಟ್ಟು, "ಹಿಂದೆ ಕೂತಿದ್ದೋರು ಮುಂದೆ ಬಂದ ಒಂದು ಕಥೆ ಹೇಳ್ತೀನಿ, ಕೂತ್ಕೋ" ಅಂದೆ.

ಮಕ್ಕಳೇ, ಅವನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಇದು ಫಿಲ್ ಕಾಲಿನ್ಸ್ ಎಂಬ ಇಂಗ್ಲಿಷ್ ಹಾಡುಗಾರರ ಕಥೆ.

ಅವರು ನನಗೆ ಪರಿಚಯವಾದದ್ದು 1980ರ ದಶಕದಲ್ಲಿ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ. ಪಕ್ಕದ ಕೌಂಟರಿನ ಗೆಳೆಯನಿಗೆ ಇಂಗ್ಲಿಷ್ ಕ್ಯಾಸೆಟ್ಟುಗಳ ಹುಚ್ಚು. ನನಗೋ ಕರ್ನಾಟಕ ಸಂಗೀತ ಬಿಟ್ಟರೆ ಉಳಿದದ್ದೆಲ್ಲ ಗದ್ದಲ. ಒಂದು ಭಾನುವಾರ ಅವನ ಕೋಣೆಯಲ್ಲಿ 'ಇನ್ ದಿ ಏರ್ ಟುನೈಟ್' ಎಂಬ ಹಾಡು ಹಾಕಿದ. ಮೆಲ್ಲಗೆ ಟಿಕ್ ಟಿಕ್ ಎನ್ನುವ ತಾಳ, ದೂರದಿಂದ ಬಂದಂತೆ ಒಂದು ದನಿ. ಒಂದು ನಿಮಿಷ ಆಯಿತು, ಎರಡಾಯಿತು, ಮೂರಾಯಿತು. "ಡ್ರಮ್ಮಿನವನು ನಿದ್ದೆ ಹೋದನೇನಯ್ಯಾ?" ಎಂದು ಕೇಳುವುದರೊಳಗೆ, ಮೂರು ನಿಮಿಷ ನಲವತ್ತು ಸೆಕೆಂಡಿನ ಹೊತ್ತಿಗೆ, ಗುಡುಗು ಉರುಳಿದ ಹಾಗೆ ಡ್ರಮ್ ಬಂತು! ಕೂತಲ್ಲೇ ಬೆಚ್ಚಿದೆ. "ಇನ್ನೊಂದ್ಸಲ ಹಾಕು" ಅಂದೆ. ಆ ದಿನ ಆರು ಸಲವಾದರೂ ಕೇಳಿರಬೇಕು.

ಯಾರಪ್ಪಾ ಈ ಡ್ರಮ್ಮಿನವನು ಎಂದು ಕೇಳಿದರೆ, "ಹಾಡ್ತಿದಾನಲ್ಲ, ಅವನೇ" ಎಂದ ಗೆಳೆಯ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಫಿಲ್ ಹುಟ್ಟಿದ್ದು 1951ರ ಜನವರಿ 30ರಂದು, ಲಂಡನ್ನಿನಲ್ಲಿ. ಐದು ವರ್ಷದವನಿದ್ದಾಗ ಕ್ರಿಸ್‌ಮಸ್ಸಿಗೆ ಒಂದು ಆಟಿಕೆಯ ಡ್ರಮ್ ಸೆಟ್ ಸಿಕ್ಕಿತು. ಹುಡುಗನ ಆಸಕ್ತಿ ಕಂಡು, ಮನೆಯ ಇಬ್ಬರು ಹಿರಿಯರು ಅವನಿಗಾಗಿ ಒಂದು ಡ್ರಮ್ ಸೆಟ್ಟನ್ನೇ ಕೈಯಾರೆ ಜೋಡಿಸಿಕೊಟ್ಟರು. ಇಡೀ ಸೆಟ್ಟನ್ನು ಮಡಚಿ ಒಂದು ಸೂಟ್‌ಕೇಸಿನಲ್ಲಿ ಇಡಬಹುದಿತ್ತಂತೆ! ಟಿ.ವಿ.ಯಲ್ಲಿ, ರೇಡಿಯೋದಲ್ಲಿ ಯಾವ ಹಾಡು ಬಂದರೂ ಹುಡುಗ ಅದರ ಜೊತೆ ಬಾರಿಸುತ್ತಿದ್ದ. ಹದಿಮೂರರ ಸುಮಾರಿಗೆ ಲಂಡನ್ನಿನ ರಂಗಮಂದಿರದಲ್ಲಿ 'ಆಲಿವರ್' ಎಂಬ ಸಂಗೀತ ನಾಟಕದಲ್ಲಿ ಚುರುಕು ಜೇಬುಗಳ್ಳ ಹುಡುಗನ ಪಾತ್ರ ಮಾಡಿದ. 1964ರಲ್ಲಿ ಬಂದ ಬೀಟಲ್ಸ್ ತಂಡದ ಸಿನಿಮಾದಲ್ಲಿ, ಕೂಗಾಡುವ ಪ್ರೇಕ್ಷಕರ ಗುಂಪಿನಲ್ಲಿ ಅವನೂ ಒಬ್ಬನಾಗಿ ಕೂತಿದ್ದ.

"ಗುಂಪಲ್ಲಿ ಅವರು ಕಾಣಿಸ್ತಾರಾ?" ಎಂದ ಮೊಮ್ಮಗ.

"ನಿನ್ನ ಕೂದಲಿನಷ್ಟೂ ಇಲ್ಲ" ಎಂದೆ. ಈಗ ಸ್ವಲ್ಪ ನಕ್ಕ.

1970ರಲ್ಲಿ 'ಜೆನೆಸಿಸ್' ಎಂಬ ತಂಡಕ್ಕೆ ಡ್ರಮ್ಮಿನವರು ಬೇಕಾಗಿದ್ದರು. ಪರೀಕ್ಷೆ ನಡೆದದ್ದು ತಂಡದ ಗಾಯಕ ಪೀಟರ್ ಗೇಬ್ರಿಯಲ್ ಅವರ ತಂದೆ ತಾಯಿಯ ಮನೆಯಲ್ಲಿ. ಫಿಲ್ ಹೊತ್ತಿಗೆ ಮೊದಲೇ ಹೋಗಿಬಿಟ್ಟಿದ್ದರು. ಸುಮ್ಮನೆ ಕೂರುವ ಬದಲು ಮನೆಯ ಈಜುಕೊಳದಲ್ಲಿ ಈಜಿ ಎಂದರು. ಅವರು ಈಜುತ್ತಿದ್ದಾಗ ಒಳಗೆ ಬೇರೆಯವರ ಪರೀಕ್ಷೆ ನಡೆಯುತ್ತಿತ್ತು. ಮತ್ತೆ ಮತ್ತೆ ಅವೇ ಹಾಡುಗಳು ಕಿವಿಗೆ ಬೀಳುತ್ತಿದ್ದವು. ತಮ್ಮ ಸರದಿ ಬರುವಷ್ಟರಲ್ಲಿ ಎಲ್ಲಿ ಏನು ನುಡಿಸಬೇಕೆಂಬುದು ಅವರಿಗೆ ಬಾಯಿಪಾಠವಾಗಿತ್ತು! ಕೆಲಸ ಸಿಕ್ಕಿತು.

ಈ ಪ್ರಸಂಗ ನನಗೆ ಬಲು ಇಷ್ಟ. ಮೃದಂಗ ಹಿಡಿದವರಿಗೆಲ್ಲ ಗೊತ್ತು, ನಮ್ಮದು ಅರ್ಧ ಕೈಯ ಕೆಲಸವಾದರೆ ಅರ್ಧ ಕಿವಿಯ ಕೆಲಸ. ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಹಿಂದೆ ಕೂತು ಕೇಳುತ್ತಲೇ ಇರಬೇಕು. ಮುಂದೆ ನಿಂತವರಿಗೆ ತಮ್ಮ ಹಾಡಷ್ಟೇ ಗೊತ್ತಿದ್ದರೆ ನಡೆದೀತು. ತಾಳ ಹಿಡಿದವರಿಗೆ ಎಲ್ಲರ ಪಾಠವೂ ಗೊತ್ತಿರಬೇಕು.

ಐದು ವರ್ಷದ ಮೇಲೆ ಇದೇ ಕಿವಿ ಫಿಲ್ ಅವರ ಕೈ ಹಿಡಿಯಿತು. 1975ರಲ್ಲಿ ಗೇಬ್ರಿಯಲ್ ತಂಡ ಬಿಟ್ಟರು. 'ಜೆನೆಸಿಸ್ ಕಥೆ ಮುಗಿಯಿತು' ಎಂದುಕೊಂಡವರೇ ಹೆಚ್ಚು. ಹೊಸ ಗಾಯಕನಿಗಾಗಿ ಎಷ್ಟೋ ಜನರನ್ನು ಕರೆದು ಹಾಡಿಸಿ ನೋಡಿದರು. ಬಂದವರಿಗೆಲ್ಲ ಹಾಡು ಹೇಳಿಕೊಡುತ್ತಿದ್ದವರು ಯಾರು ಗೊತ್ತೆ? ಡ್ರಮ್ಮಿನ ಫಿಲ್! ಯಾರೂ ಸರಿಹೋಗಲಿಲ್ಲ. ಕೊನೆಗೆ, ಹೇಳಿಕೊಡುವವರೇ ಹಾಡಿದರೆ ಆಯಿತಲ್ಲ ಎಂದರು. 1976ರಲ್ಲಿ ಅವರು ಮುಖ್ಯ ಗಾಯಕರಾಗಿ ಹಾಡಿದ ಮೊದಲ ಜೆನೆಸಿಸ್ ಆಲ್ಬಂ ಬಂತು. ತಂಡ ಮುಳುಗಲಿಲ್ಲ, ಮೊದಲಿಗಿಂತ ದೊಡ್ಡದಾಗಿ ಬೆಳೆಯಿತು. ಹಾಡಲು ಮುಂದೆ ಬಂದರೂ ಅವರು ಡ್ರಮ್ ಬಿಡಲಿಲ್ಲ. ವೇದಿಕೆಯ ಮೇಲೆ ಇನ್ನೊಬ್ಬರು ಬಾರಿಸುತ್ತಿದ್ದರೂ, ನಡುವೆ ಹಿಂದಕ್ಕೆ ಹೋಗಿ ಕೂತು ಅವರ ಜೊತೆ ಜೋಡಿಯಾಗಿ ಬಾರಿಸುತ್ತಿದ್ದರು.

ಹಾಡು ಕಟ್ಟುವುದರಲ್ಲೂ ಅವರದು ತಾಳ ಹಿಡಿದವರ ರೀತಿಯೇ. ಅವರ ಮೊದಲ ಮದುವೆ ಮುರಿದು, ಮನೆಯಲ್ಲಿ ಒಂಟಿಯಾಗಿದ್ದ ಕಾಲ. ಪಿಯಾನೊ, ತಾಳ ಹಾಕುವ ಒಂದು ಪುಟ್ಟ ಯಂತ್ರ ಮತ್ತು ಧ್ವನಿಮುದ್ರಣದ ಸಲಕರಣೆ ಇಟ್ಟುಕೊಂಡು ಹಾಡು ಕಟ್ಟತೊಡಗಿದರು. ಮೊದಲು ತಾಳ, ಅದರ ಮೇಲೆ ಸ್ವರ, ಆಮೇಲೆ ಬಾಯಿಗೆ ಬಂದ ಮಾತು. ನಾನು ಬೆಚ್ಚಿಬಿದ್ದ ಹಾಡಿನ ಸಾಹಿತ್ಯದ ಬಹುಭಾಗ ಹಾಗೆ ಮೈಕಿನ ಮುಂದೆ ತಾನಾಗಿ ಬಂದದ್ದಂತೆ. ಮುಂದೆ 1985ರಲ್ಲಿ ಬಂದ ಇನ್ನೊಂದು ಹಾಡಿಗೆ, ಮಾತು ಹೊಳೆಯುವ ತನಕ ಇರಲಿ ಎಂದು 'ಸುಸ್ಸೂಡಿಯೋ' ಎಂಬ ಅರ್ಥವಿಲ್ಲದ ಪದ ಹಾಕಿಕೊಂಡು ಗುನುಗುತ್ತಿದ್ದರು. ಎಷ್ಟು ಹುಡುಕಿದರೂ ಆ ಲಯಕ್ಕೆ ಅಷ್ಟು ಚೆನ್ನಾಗಿ ಕೂರುವ ಬೇರೆ ಪದ ಸಿಗಲಿಲ್ಲ. ಅದನ್ನೇ ಉಳಿಸಿಕೊಂಡರು, ಅದೇ ಹಾಡಿನ ಹೆಸರೂ ಆಯಿತು. ಅಮೆರಿಕದಲ್ಲಿ ಆ ಹಾಡು ಮೊದಲ ಸ್ಥಾನಕ್ಕೇರಿತು! ನಮ್ಮ 'ತಕಧಿಮಿ'ಗೆ ಅರ್ಥ ಕೇಳುವವರುಂಟೆ? ಲಯವಿದ್ದರೆ ಸಾಕು, ನಾಲಗೆ ಒಪ್ಪುತ್ತದೆ.

ಇನ್ನು ಆ ಗುಡುಗಿನ ಸದ್ದು. ಅದು ಸಿಕ್ಕಿದ್ದು ಅಕಸ್ಮಾತ್ತಾಗಿ. ಧ್ವನಿಮುದ್ರಣದ ಕೋಣೆಯಲ್ಲಿ, ವಾದಕರ ಮಾತು ಆಚೆ ಕೋಣೆಯ ತಂತ್ರಜ್ಞರಿಗೆ ಕೇಳಲೆಂದು ಒಂದು ಮೈಕು ತೂಗುಹಾಕಿರುತ್ತಾರೆ. ಸಣ್ಣ ದನಿಯೂ ಕೇಳುವಂತೆ, ದೊಡ್ಡ ಸದ್ದು ಅದುಮುವಂತೆ ಅದಕ್ಕೊಂದು ಏರ್ಪಾಡು ಇರುತ್ತದೆ. ಪೀಟರ್ ಗೇಬ್ರಿಯಲ್ ಅವರ ಆಲ್ಬಮ್ಮಿಗೆ ಫಿಲ್ ಡ್ರಮ್ ನುಡಿಸಲು ಹೋಗಿದ್ದಾಗ ಆ ಮೈಕಿನ ಮೂಲಕ ಡ್ರಮ್ಮಿನ ಸದ್ದು ಫಿರಂಗಿಯಂತೆ ಬಂತು. ಅದನ್ನು ಕೇಳಿ ಬೆರಗಾದ ತಂತ್ರಜ್ಞ ಹ್ಯೂ ಪ್ಯಾಡ್‌ಗಮ್ ಮತ್ತು ಫಿಲ್ ಸೇರಿ ಆ ಸದ್ದನ್ನು ಪಳಗಿಸಿದರು. ದೊಡ್ಡದಾಗಿ ಮೊಳಗಬೇಕು, ಆದರೆ ಪ್ರತಿಧ್ವನಿ ಎಳೆಯುತ್ತಾ ಹೋಗಬಾರದು, ಥಟ್ಟನೆ ನಿಲ್ಲಬೇಕು. ಗುಡಿಯ ಗಂಟೆ ಬಾರಿಸಿದ ಮರುಕ್ಷಣವೇ ಅಂಗೈಯಿಂದ ಅದನ್ನು ಹಿಡಿದು ನೋಡಿ, ಸುಮಾರಾಗಿ ಗೊತ್ತಾಗುತ್ತದೆ. 1980ರ ದಶಕದ ಎಷ್ಟೋ ಹಾಡುಗಳಲ್ಲಿ ಆ ಸದ್ದೇ ಕೇಳುತ್ತದೆ.

ಆದರೂ ಆ ಹಾಡಿನಲ್ಲಿ ನನ್ನನ್ನು ಹಿಡಿದದ್ದು ಸದ್ದಲ್ಲ, ಅದಕ್ಕೆ ಮುಂಚಿನ ಮೂರೂವರೆ ನಿಮಿಷದ ಕಾಯುವಿಕೆ. ಎಷ್ಟೋ ಜನ ಡ್ರಮ್ಮಿನವರಿಗಿಂತ ಚೆನ್ನಾಗಿ ಬಾರಿಸಬಲ್ಲ ಒಬ್ಬರು, ತಮ್ಮದೇ ಹಾಡಿನಲ್ಲಿ, ಅಷ್ಟು ಹೊತ್ತು ಕೈ ಕಟ್ಟಿ ಕೂರುತ್ತಾರೆ. ನಾನಾಗಿದ್ದರೆ ಮೊದಲ ನಿಮಿಷದಲ್ಲೇ ತೀರ್ಮಾನ ಹೊಡೆದುಬಿಡುತ್ತಿದ್ದೆ! 2007ರಲ್ಲಿ ಬ್ರಿಟನ್ನಿನ ಒಂದು ಚಾಕೊಲೇಟ್ ಜಾಹೀರಾತಿನಲ್ಲಿ ಗೊರಿಲ್ಲಾ ಒಂದು ಇದೇ ಹಾಡಿಗೆ ಕಾದು ಕೂತು ಡ್ರಮ್ ಬಾರಿಸುತ್ತದೆ. ಮೊಮ್ಮಗನಿಗೆ ಫೋನಿನಲ್ಲಿ ಅದನ್ನು ತೋರಿಸಿದೆ. ಬಿದ್ದು ಬಿದ್ದು ನಕ್ಕ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1985ರ ಜುಲೈ 13ರಂದು, ಇಥಿಯೋಪಿಯಾದ ಬರಗಾಲದ ನೆರವಿಗಾಗಿ ನಡೆದ 'ಲೈವ್ ಏಡ್' ಕಾರ್ಯಕ್ರಮದಲ್ಲಿ ಅವರು ಲಂಡನ್ನಿನಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹತ್ತಿ, ಅದೇ ದಿನ ಅಮೆರಿಕದ ಫಿಲಡೆಲ್ಫಿಯಾದಲ್ಲೂ ಹಾಡಿದರು. 1989ರಲ್ಲಿ ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರ ಬಗ್ಗೆ ಹಾಡು ಬರೆದರು. 'ಸಿರಿವಂತನಿಗೆ ಬಡವರ ಹಾಡೇಕೆ' ಎಂದು ಕೆಲವರು ಹಂಗಿಸಿದರೂ ಆ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಪುಟ್ಟ ಮಗಳಿಗೆಂದು ಕಟ್ಟಿದ ಜೋಗುಳ ಬೆಳೆದು 1999ರ 'ಟಾರ್ಜನ್' ಕಾರ್ಟೂನ್ ಸಿನಿಮಾದ ಹಾಡಾಯಿತು, ಆಸ್ಕರ್ ತಂದುಕೊಟ್ಟಿತು. ಆ ಸಿನಿಮಾದ ಹಾಡುಗಳನ್ನು ಅವರು ಇಂಗ್ಲಿಷ್ ಅಲ್ಲದೆ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲೂ ತಾವೇ ಹಾಡಿದರು.

ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಮೊಮ್ಮಗನಿಗೆ ಬೇಕಾದಷ್ಟು ಹೇಳಿಯಾಗಿತ್ತು. ಆದರೆ ಅವನು ಕೇಳಿದ: "ಈಗಲೂ ಬಾರಿಸ್ತಾರಾ ತಾತ?"

ಇಲ್ಲ, ಬಾರಿಸುವುದಿಲ್ಲ. 2007ರ ಜೆನೆಸಿಸ್ ಪ್ರವಾಸದ ಹೊತ್ತಿಗೆ ಅವರ ಕತ್ತಿನ ಮೂಳೆ ಜರುಗಿ, ನರಕ್ಕೆ ಪೆಟ್ಟಾಗಿ, ಬೆರಳುಗಳ ಸ್ಪರ್ಶವೇ ಹೋಗತೊಡಗಿತು. ಶಸ್ತ್ರಚಿಕಿತ್ಸೆ ಆದರೂ ಕೈ ಮೊದಲಿನಂತಾಗಲಿಲ್ಲ. ಡ್ರಮ್ಮಿನ ಕಡ್ಡಿಗಳನ್ನು ಪಟ್ಟಿಯಿಂದ ಕೈಗೆ ಕಟ್ಟಿಕೊಂಡು ಒಂದು ಆಲ್ಬಂ ಮುಗಿಸಿದರು. ಆಮೇಲೆ ಅದೂ ಆಗಲಿಲ್ಲ. ಐದನೇ ವಯಸ್ಸಿನಿಂದ ಕೈಗೆ ಅಂಟಿಕೊಂಡಿದ್ದ ವಿದ್ಯೆ ಕೈಬಿಟ್ಟಿತು. ಹಾಡುವುದನ್ನೂ ನಿಲ್ಲಿಸಿ ಕೆಲವು ವರ್ಷ ಮನೆಯಲ್ಲಿದ್ದರು.

ಮತ್ತೆ ಪ್ರವಾಸ ಹೊರಟದ್ದು 2017ರಲ್ಲಿ, ಕೋಲೂರಿಕೊಂಡು. ಕುರ್ಚಿಯ ಮೇಲೆ ಕೂತೇ ಹಾಡಿದರು. ಹಿಂದೆ, ಅವರ ಹಳೆಯ ಜಾಗದಲ್ಲಿ ಡ್ರಮ್ ಬಾರಿಸುತ್ತಿದ್ದವನು ಹದಿನಾರು ವರ್ಷದ ಅವರ ಮಗ ನಿಕೋಲಸ್! ಆ ಮೂರೂವರೆ ನಿಮಿಷ ಈಗ ಮಗ ಕಾಯುತ್ತಿದ್ದ. ಮುಂದೆ ಕೂತು ಹಾಡುವ ಅಪ್ಪ ಅವನನ್ನು ನಂಬಿಕೊಂಡಿದ್ದರು. 2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ನಡೆದ ಜೆನೆಸಿಸ್‌ನ ಕೊನೆಯ ಕಾರ್ಯಕ್ರಮದಲ್ಲೂ ಹಾಗೆಯೇ. ಅಪ್ಪ ಕುರ್ಚಿಯಲ್ಲಿ, ಮಗ ಡ್ರಮ್ಮಿನಲ್ಲಿ. ತಂಡ ಬಿಟ್ಟುಹೋಗಿದ್ದ ಪೀಟರ್ ಗೇಬ್ರಿಯಲ್ ಆವತ್ತು ಪ್ರೇಕ್ಷಕರಲ್ಲಿ ಒಬ್ಬರಾಗಿ ಬಂದಿದ್ದರು.

ಇದನ್ನು ಹೇಳುವಾಗ ನನ್ನ ದನಿ ಯಾಕೋ ಸ್ವಲ್ಪ ಕಟ್ಟಿತು. ಹುಡುಗ ಸೂಕ್ಷ್ಮ, ಗಮನಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ನಿಮ್ಮ ಮೃದಂಗ ಕೆಳಗಿಳಿಸ್ಲಾ?" ಅಂದ.

ಇಬ್ಬರೂ ಸೇರಿ ಇಳಿಸಿದೆವು. ಗವಸಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಅಡುಗೆಮನೆಯಿಂದ ನನ್ನಾಕೆ ಒಂದು ಹಿಡಿ ರವೆ ಕಲಸಿ ತಂದುಕೊಟ್ಟಳು, ಎಡಗಡೆಗೆ ಮೆತ್ತಲು. ಯಾರೂ ಕೇಳಿರಲಿಲ್ಲ ಅವಳನ್ನು. ನುಡಿಸಲು ನೋಡಿದೆ. ಎಡಗೈ ಪರವಾಗಿಲ್ಲ, ಬಲಗೈ ಬೆರಳು ಮಾತು ಕೇಳಲಿಲ್ಲ. ಬಿಟ್ಟು, ಬಾಯಲ್ಲಿ ಜತಿ ಹೇಳಿದೆ: ತಕಧಿಮಿ, ತಕಜಣು. ಅವನು ತನ್ನ ಅಭ್ಯಾಸದ ರಬ್ಬರ್ ಪ್ಯಾಡಿನ ಮೇಲೆ ಕಡ್ಡಿಯಿಂದ ಅದನ್ನೇ ನುಡಿಸಿದ. ಮೊದಲು ಓಡಿದ. "ಕಾಯಬೇಕು ಕಣೋ" ಅಂದೆ. ಎರಡನೇ ಸಲ ಕಾದ.

ಈಗ ಅವನು ವಾರಕ್ಕೆರಡು ದಿನ ಮೃದಂಗದ ಮೇಷ್ಟ್ರ ಹತ್ತಿರ ಹೋಗುತ್ತಾನೆ. ಶಾಲೆಯ ಡ್ರಮ್ಮನ್ನೂ ಬಿಟ್ಟಿಲ್ಲ. ಈ ಸಲದ ರಾಮನವಮಿಗೆ ನಾನು ಮೂರು ವರ್ಷದ ಮೇಲೆ ಭಜನೆಗೆ ಹೋದೆ. ಬೆರಳು ಆಡದಿದ್ದರೂ ದನಿ ಇದೆಯಲ್ಲ, ಹಾಡಿದೆ. ಎರಡು ಹಾಡಿಗೆ, ಬರೀ ಸರಳವಾದ ಆದಿತಾಳಕ್ಕೆ, ಮೊಮ್ಮಗ ಮೃದಂಗ ನುಡಿಸಿದ. ಒಂದು ಕಡೆ ತಪ್ಪಿತು, ನಾನು ತೊಡೆ ತಟ್ಟಿ ತೋರಿಸಿದೆ, ಸರಿಮಾಡಿಕೊಂಡ.

ಯಾರೋ ಫೋಟೊ ತೆಗೆದರು. ಅದರಲ್ಲಿ ಅವನ ಮೊಣಕೈ ಮಾತ್ರ ಬಂದಿದೆ. ಅದನ್ನು ಅವನು ತನ್ನ ಓದುವ ಮೇಜಿನ ಮೇಲೆ, ಗೋಡೆಗೆ ಅಂಟಿಸಿಕೊಂಡಿದ್ದಾನೆ.